ತಪ್ಪು ಕಾಲೇಜಿನದು, ಗಡುವು ವಿದ್ಯಾರ್ಥಿಯದು: ಅಮೆರಿಕದ ಓಪಿಟಿ ತಕರಾರುಗಳು

ಅಮೆರಿಕದಲ್ಲಿ ಎಂ.ಎಸ್. ಮುಗಿಸುತ್ತಿರುವ ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಅವಳ ಕೋರ್ಸ್ ಮೇ 10ಕ್ಕೆ ಮುಗಿಯುತ್ತದೆ. ಆಮೇಲೆ ಅಲ್ಲೇ ಒಂದು ವರ್ಷ ಕೆಲಸ ಮಾಡಲು ಅನುಮತಿ ಬೇಕು, ಅದೇ ಓಪಿಟಿ. ಕೋರ್ಸ್ ಮುಗಿದ ಮೇಲೂ ಅರ್ಜಿ ಹಾಕಲು 60 ದಿನ ಇರುತ್ತದೆ ಎಂದು ಸೀನಿಯರ್‌ಗಳು ಹೇಳಿದ್ದಾರೆ. ಅಂದರೆ ಜುಲೈ 9ರವರೆಗೆ ಟೈಮ್ ಇದೆ ಎಂದು ಅವಳು ನಿರಾಳವಾಗಿದ್ದಾಳೆ. ಕಾಲೇಜು ಏಪ್ರಿಲ್ 20ರಂದೇ ತನ್ನ ಶಿಫಾರಸನ್ನು ಸರ್ಕಾರದ ಕಂಪ್ಯೂಟರಿಗೆ ಏರಿಸಿದೆ. ಆದರೆ ಆ ಶಿಫಾರಸು ಇರುವ ಹೊಸ ಐ-20 ಪತ್ರ (ವಿದೇಶಿ ವಿದ್ಯಾರ್ಥಿಗೆ ಕಾಲೇಜು ಕೊಡುವ ದಾಖಲೆ) ಅವಳ ಕೈಗೆ ಬಂದದ್ದು ಮೇ 15ಕ್ಕೆ. ಪರೀಕ್ಷೆ ಮುಗಿಸಿ, ಮನೆ ಖಾಲಿ ಮಾಡಿ, ಮೇ 24ಕ್ಕೆ ಅವಳು ಅರ್ಜಿ ಹಾಕುತ್ತಾಳೆ.

ಜುಲೈ 9 ದಾಟಿದ ಮೇಲೆ ಆ ಅರ್ಜಿ ತಿರಸ್ಕಾರವಾಗುತ್ತದೆ. ಯಾಕೆಂದರೆ ಇಲ್ಲಿ ಇನ್ನೊಂದು ಗಡಿಯಾರವೂ ಓಡುತ್ತಿತ್ತು. ಕಾಲೇಜು ಶಿಫಾರಸು ಏರಿಸಿದ ದಿನದಿಂದ 30 ದಿನದೊಳಗೆ ಅರ್ಜಿ ಸರ್ಕಾರಕ್ಕೆ ತಲುಪಬೇಕು. ಅವಳ ನಿಜವಾದ ಕೊನೆಯ ದಿನ ಮೇ 20. ನಾಲ್ಕು ದಿನ ತಡವಾಯಿತು, ಅಷ್ಟೇ. ಐ-20 ತಡವಾಗಿ ಕೊಟ್ಟದ್ದು ಕಾಲೇಜು. ಅದರ ಬೆಲೆ ತೆತ್ತದ್ದು ಅವಳು.

ಈ ಹುಡುಗಿ ನಾನು ಕಲ್ಪಿಸಿದವಳು. ಆದರೆ ಅವಳ ಕಥೆಯಲ್ಲಿರುವ ನಿಯಮ ಒಂದೊಂದೂ ನಿಜ. ಓದು ಮುಗಿಸಿ ಕೆಲಸಕ್ಕೆ ಕಾಲಿಡುವ ಹೊತ್ತಿಗೆ ವಿದೇಶಿ ವಿದ್ಯಾರ್ಥಿಗಳಿಗೂ ಕಾಲೇಜಿಗೂ ಆಗುವ ಜಗಳಗಳಲ್ಲಿ ಹೆಚ್ಚಿನವು ಇಂಥವೇ. ಕಾನೂನು ಏನು ಹೇಳುತ್ತದೆ ಎಂಬ ವಾದ ಅಲ್ಲಿ ಕಡಿಮೆ. ಒಂದು ತಾರೀಖು, ಒಂದು ಕೋಡ್, ಯಾರೋ ಒತ್ತಲು ಮರೆತ ಒಂದು ಬಟನ್, ಇವುಗಳದ್ದೇ ಜಾಸ್ತಿ. 2023-24ರಲ್ಲಿ ಅಮೆರಿಕದಲ್ಲಿ 3,31,602 ಭಾರತೀಯ ವಿದ್ಯಾರ್ಥಿಗಳಿದ್ದರು. ಆ ವರ್ಷ ಎಲ್ಲ ದೇಶಗಳವರೂ ಸೇರಿ 2,42,782 ಮಂದಿ ಓಪಿಟಿಯಲ್ಲಿದ್ದರು. ಇಷ್ಟು ಜನರ ಬದುಕು ಇಂಥ ಸಣ್ಣ ಸಣ್ಣ ವಿಷಯಗಳ ಮೇಲೆ ನಿಂತಿದೆ. ಅದಕ್ಕೇ ಇದನ್ನು ಸ್ವಲ್ಪ ಬಿಡಿಸಿ ನೋಡೋಣ.

ಯಾರ ಕೈಯಲ್ಲಿ ಏನಿದೆ?

ಓಪಿಟಿ ಎಂದರೆ ಆಪ್ಷನಲ್ ಪ್ರಾಕ್ಟಿಕಲ್ ಟ್ರೈನಿಂಗ್. ಎಫ್-1 ವೀಸಾದಲ್ಲಿ ಓದಿದವರು ತಮ್ಮ ವಿಷಯಕ್ಕೆ ಸಂಬಂಧಪಟ್ಟ ಕೆಲಸವನ್ನು 12 ತಿಂಗಳು ಮಾಡಬಹುದು. ಬ್ಯಾಚುಲರ್ಸ್‌ಗೆ ಒಮ್ಮೆ, ಮಾಸ್ಟರ್ಸ್‌ಗೆ ಒಮ್ಮೆ, ಪಿಎಚ್‌.ಡಿ.ಗೆ ಒಮ್ಮೆ ಸಿಗುತ್ತದೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಓದಿದವರಿಗೆ, ಅಂದರೆ ಸ್ಟೆಮ್ ಪದವೀಧರರಿಗೆ, ಇನ್ನೂ 24 ತಿಂಗಳು ಸಿಗುತ್ತದೆ. 2008ರಲ್ಲಿ ಇದು 17 ತಿಂಗಳಾಗಿ ಶುರುವಾಯಿತು, 2016ರ ಮೇ ತಿಂಗಳಿಂದ 24 ಆಯಿತು.

ಈ ಅನುಮತಿ ಕೊಡುವುದು ಕಾಲೇಜಲ್ಲ. ವಲಸೆ ಅರ್ಜಿಗಳನ್ನು ನೋಡುವ ಯುಎಸ್‌ಸಿಐಎಸ್ ಎಂಬ ಫೆಡರಲ್ ಸಂಸ್ಥೆ ಕೊಡುತ್ತದೆ. ಐ-765 ಅರ್ಜಿ ನೋಡುವುದು ಅದು, ಕೆಲಸದ ಅನುಮತಿಯ ಇಎಡಿ ಕಾರ್ಡ್ ಕಳಿಸುವುದೂ ಅದೇ. ಆದರೆ ಕಾಲೇಜಿನ ಶಿಫಾರಸು ಇಲ್ಲದೆ ಆ ಅರ್ಜಿಗೆ ಬೆಲೆಯೇ ಇಲ್ಲ. ಶಿಫಾರಸು ಮಾಡುವವರನ್ನು ಡಿಎಸ್‌ಒ ಎನ್ನುತ್ತಾರೆ. ಇವರು ಕಾಲೇಜಿನ ನೌಕರರು, ಸಂಬಳ ಕಾಲೇಜಿನದು. ಆದರೆ ಸೆವಿಸ್ ಎಂಬ ಸರ್ಕಾರಿ ದತ್ತಾಂಶಕ್ಕೆ ಕೈ ಹಾಕುವ ಅಧಿಕಾರ ಇವರಿಗೆ ಇರುತ್ತದೆ. ವಿದ್ಯಾರ್ಥಿಯ ವಿಳಾಸ, ಕೋರ್ಸ್, ಮುಗಿಯುವ ದಿನ, ಕೆಲಸದ ವಿವರ ಎಲ್ಲ ಅಲ್ಲಿ ದಾಖಲಾಗುತ್ತವೆ. ಆ ಪರದೆ ವಿದ್ಯಾರ್ಥಿಗೆ ಕಾಣುವುದಿಲ್ಲ. ಓಪಿಟಿ ಮಂಜೂರಾದ ಮೇಲೆ ಮಾತ್ರ ವಿಳಾಸ ಮತ್ತು ಕೆಲಸದ ವಿವರ ತುಂಬಲು ಒಂದು ಪೋರ್ಟಲ್ ತೆರೆಯುತ್ತದೆ, ಅದೂ 2018ರಿಂದ.

ನನ್ನ ಮಟ್ಟಿಗೆ ಎಲ್ಲ ತಕರಾರುಗಳ ಬೇರು ಇಲ್ಲೇ ಇದೆ. ಬಾಗಿಲು ಸರ್ಕಾರದ್ದು, ಬೀಗದಕೈ ಕಾಲೇಜಿನದು, ಬಾಗಿಲ ಮುಂದೆ ಕಾಯುವವರು ವಿದ್ಯಾರ್ಥಿ. ಡಿಎಸ್‌ಒ ಶಿಫಾರಸು ಮಾಡಲು ಒಪ್ಪದಿದ್ದರೆ ಯುಎಸ್‌ಸಿಐಎಸ್‌ಗೆ ಮೇಲ್ಮನವಿ ಹಾಕಲು ಬರುವುದಿಲ್ಲ, ಯಾಕೆಂದರೆ ಅದು ಇನ್ನೂ ಏನನ್ನೂ ನಿರ್ಧರಿಸಿಲ್ಲ. ಯುಎಸ್‌ಸಿಐಎಸ್ ತಿರಸ್ಕರಿಸಿದರೆ "ಅದು ಸರ್ಕಾರದ ತೀರ್ಮಾನ, ನಮ್ಮ ಕೈಯಲ್ಲಿಲ್ಲ" ಎಂದು ಕಾಲೇಜು ಹೇಳುತ್ತದೆ. ಎರಡೂ ಮಾತು ನಿಜ. ನಡುವೆ ಸಿಕ್ಕಿಕೊಂಡವರಿಗೆ ಎರಡೂ ಉಪಯೋಗವಿಲ್ಲ.

ಡಿಎಸ್‌ಒಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಇವರಲ್ಲಿ ಹೆಚ್ಚಿನವರು ವಿದ್ಯಾರ್ಥಿಗಳಿಗೆ ಒಳ್ಳೆಯದಾಗಲಿ ಅಂತಲೇ ದುಡಿಯುತ್ತಾರೆ. ಒಬ್ಬೊಬ್ಬರ ಮೇಲೆ ನೂರಾರು ವಿದ್ಯಾರ್ಥಿಗಳ ಹೊರೆ ಇರಬಹುದು. ಸೆಮಿಸ್ಟರ್ ಮುಗಿಯುವಾಗ ಎಲ್ಲರ ಕೋರಿಕೆಯೂ ಒಟ್ಟಿಗೆ ಬರುತ್ತದೆ. ಸುಳ್ಳು ಮಾಹಿತಿ ಏರಿಸಿದರೆ ಕಾಲೇಜು ವಿದೇಶಿಯರನ್ನು ಸೇರಿಸಿಕೊಳ್ಳುವ ಮಾನ್ಯತೆಯನ್ನೇ ಕಳೆದುಕೊಳ್ಳಬಹುದು. ಹಾಗಾಗಿ ಅನುಮಾನ ಬಂದ ಕಡೆ ಅವರು "ಇಲ್ಲ" ಅನ್ನುತ್ತಾರೆ. ಆ "ಇಲ್ಲ" ಯಾವ ನಿಯಮದಿಂದ ಬಂತು ಎಂದು ಬರವಣಿಗೆಯಲ್ಲಿ ಹೇಳುವುದಿಲ್ಲ. ನನ್ನ ದೂರು ಅದೊಂದೇ.

ಇನ್ನೊಂದು ವಿಷಯ. ಸೆವಿಸ್ ದಾಖಲೆ ರದ್ದಾದಾಗಲೆಲ್ಲ ಕಾಲೇಜನ್ನೇ ಬೈಯಬೇಡಿ. 2025ರ ಏಪ್ರಿಲ್‌ನಲ್ಲಿ ಸಾವಿರಾರು ವಿದ್ಯಾರ್ಥಿಗಳ ದಾಖಲೆಗಳನ್ನು ವಲಸೆ ಕಾನೂನು ಜಾರಿ ಮಾಡುವ ಐಸಿಇ ಎಂಬ ಫೆಡರಲ್ ಸಂಸ್ಥೆ ತಾನೇ ರದ್ದು ಮಾಡಿತು. ಅವರಲ್ಲಿ ಓಪಿಟಿಯಲ್ಲಿದ್ದವರೂ ಇದ್ದರು. ಎಷ್ಟೋ ಕಾಲೇಜುಗಳಿಗೆ ದಾಖಲೆ ತೆರೆದು ನೋಡಿದಾಗಲೇ ಸುದ್ದಿ ಗೊತ್ತಾಯಿತು. ಕೋರ್ಟುಗಳಲ್ಲಿ ಸಾಲುಸಾಲು ದಾವೆಗಳು ಬಿದ್ದ ಮೇಲೆ ಆ ತಿಂಗಳ ಕೊನೆಯಲ್ಲಿ ಸರ್ಕಾರ ಅವನ್ನು ಮರಳಿ ಚಾಲ್ತಿಗೆ ತರಲು ಒಪ್ಪಿತು. ಅಂಥ ಜಗಳ ಸರ್ಕಾರದ ಜೊತೆ ಆಗಬೇಕು, ಕಾಲೇಜಿನ ಜೊತೆಯಲ್ಲ. ದಾಖಲೆ ರದ್ದು ಮಾಡಿದ್ದು ಯಾರು, ಯಾವ ಕಾರಣ ನಮೂದಿಸಿದ್ದಾರೆ ಎಂದು ಮೊದಲು ಕೇಳಿ.

ಜಗಳ ಹುಟ್ಟುವ ಜಾಗಗಳು

ಮೊದಲ ಜಾಗ, ಐ-20ಯಲ್ಲಿರುವ ಕೋರ್ಸ್ ಮುಗಿಯುವ ದಿನ. ಓಪಿಟಿಯ ಎಲ್ಲ ಲೆಕ್ಕವೂ ಆ ತಾರೀಖಿನಿಂದಲೇ. ಅದಕ್ಕಿಂತ 90 ದಿನ ಮೊದಲು ಅರ್ಜಿ ಹಾಕಬಹುದು, 60 ದಿನ ಕಳೆದ ಮೇಲೆ ಹಾಕುವಂತಿಲ್ಲ. ಕೆಲಸ ಶುರುವಾಗುವ ದಿನವನ್ನೂ ಆ 60 ದಿನದೊಳಗೇ ಆರಿಸಿಕೊಳ್ಳಬೇಕು. ಒಬ್ಬ ವಿದ್ಯಾರ್ಥಿ ಡಿಸೆಂಬರ್‌ನಲ್ಲೇ ಕ್ರೆಡಿಟ್ ಮುಗಿಸಿದ, ಐ-20ಯಲ್ಲಿ ಮುಂದಿನ ಮೇ ಎಂದಿದೆ. ಕಾಲೇಜು ಆ ದಿನವನ್ನು ಹಿಂದಕ್ಕೆ ತರುತ್ತದೆ. ಅವನಿಗೆ ಹೇಳಲು ಮರೆತರೆ ಅವನ 60 ದಿನ ಅವನಿಗೇ ಗೊತ್ತಿಲ್ಲದೆ ಕರಗಿ ಹೋಗುತ್ತದೆ. ಉಲ್ಟಾ ಕಥೆಯೂ ಇದೆ. ಥೀಸಿಸ್ ಎಳೆಯಿತು, ಇನ್ನೊಂದು ಸೆಮಿಸ್ಟರ್ ಬೇಕು. ವಿಸ್ತರಣೆಯನ್ನು ಹಳೆಯ ದಿನ ದಾಟುವ ಮೊದಲೇ ಮಾಡಬೇಕು. ಪ್ರೊಫೆಸರ್ ಸಹಿ ಹಾಕಿ ಕೊಟ್ಟ ಕಾಗದ ಆಫೀಸಿನ ಟೇಬಲ್ ಮೇಲೇ ಉಳಿದರೆ ವಿದ್ಯಾರ್ಥಿಯ ಸ್ಟೇಟಸ್ಸೇ, ಅಂದರೆ ವಿದ್ಯಾರ್ಥಿಯಾಗಿ ಅಲ್ಲಿರುವ ಕಾನೂನಿನ ಮಾನ್ಯತೆಯೇ, ಹೋಗುತ್ತದೆ.

ಇಲ್ಲಿ ನಿಯಮದಲ್ಲಿರುವ ಒಂದು ಸಾಲು ತುಂಬ ಜನರಿಗೆ ಗೊತ್ತಿಲ್ಲ. ಸ್ಟೇಟಸ್ ಕಳೆದುಕೊಂಡವರು ಅದನ್ನು ಮರಳಿ ಕೇಳಬಹುದು. ಇದಕ್ಕೆ ರೀಇನ್‌ಸ್ಟೇಟ್‌ಮೆಂಟ್ ಅನ್ನುತ್ತಾರೆ. ಕೈಮೀರಿದ ಕಾರಣ ಇರಬೇಕು. ಅಂಥ ಕಾರಣಗಳ ಪಟ್ಟಿಯಲ್ಲಿ ಕಾಯಿಲೆ, ಪ್ರಕೃತಿ ವಿಕೋಪ, ಕಾಲೇಜು ಮುಚ್ಚಿಹೋಗುವುದು ಇವುಗಳ ಜೊತೆಗೇ ಡಿಎಸ್‌ಒ ಕಡೆಯಿಂದಾದ ಅಚಾತುರ್ಯ, ಕಣ್ತಪ್ಪು, ನಿರ್ಲಕ್ಷ್ಯ ಕೂಡ ಸೇರಿದೆ. ಕಾಲೇಜು ತಪ್ಪು ಮಾಡಬಹುದು ಎಂದು ಸರ್ಕಾರವೇ ಬರೆದುಕೊಂಡಿದೆ! ಸಾಮಾನ್ಯವಾಗಿ ಐದು ತಿಂಗಳೊಳಗೆ ಐ-539 ಅರ್ಜಿ ಹಾಕಬೇಕು, ಅನುಮತಿ ಇಲ್ಲದೆ ಕೆಲಸ ಮಾಡಿರಬಾರದು. ಒಂದು ಮಿತಿ ನೆನಪಿರಲಿ. ಇದು ಓದು ಮುಂದುವರಿಸುವವರಿಗೆ. ಥೀಸಿಸ್ ಬಾಕಿ ಇರುವ ವಿದ್ಯಾರ್ಥಿಗೆ ಇದು ಜೀವ ಉಳಿಸಬಹುದು. ಓದು ಮುಗಿಸಿ ಓಪಿಟಿ ಗಡುವು ತಪ್ಪಿಸಿಕೊಂಡ ನಮ್ಮ ಹುಡುಗಿಗೆ ಇದರಿಂದ ಓಪಿಟಿ ವಾಪಸ್ ಬರುವುದಿಲ್ಲ.

ಎರಡನೆಯದು ಸಿಐಪಿ ಕೋಡ್. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಎರಡು ವರ್ಷದ ಬದುಕು ಆರು ಅಂಕಿಯಲ್ಲಿ ಅಡಗಿದೆ. ಪ್ರತಿ ಕೋರ್ಸಿಗೂ ಕಾಲೇಜು ಒಂದು ವರ್ಗೀಕರಣ ಸಂಖ್ಯೆ ಕೊಡುತ್ತದೆ. ಸ್ಟೆಮ್ ಹೌದೋ ಅಲ್ಲವೋ ಎಂದು ಸರ್ಕಾರ ನೋಡುವುದು ಆ ಸಂಖ್ಯೆಯನ್ನು, ಕೋರ್ಸಿನ ಹೆಸರನ್ನಲ್ಲ. ಅರ್ಥಶಾಸ್ತ್ರವನ್ನೇ ತೆಗೆದುಕೊಳ್ಳಿ. 45.0601 ಎಂದಿದ್ದರೆ ಅದು ಸಾಮಾನ್ಯ ಅರ್ಥಶಾಸ್ತ್ರ, ಸ್ಟೆಮ್ ಅಲ್ಲ. 45.0603 ಎಂದಿದ್ದರೆ ಇಕನಾಮೆಟ್ರಿಕ್ಸ್ ಮತ್ತು ಪರಿಮಾಣಾತ್ಮಕ ಅರ್ಥಶಾಸ್ತ್ರ, ಅದು ಸ್ಟೆಮ್. ಪಾಠ ಬಹುಪಾಲು ಒಂದೇ ಇರಬಹುದು. ಒಬ್ಬರಿಗೆ 12 ತಿಂಗಳು, ಇನ್ನೊಬ್ಬರಿಗೆ 36. ಇದನ್ನು ನೋಡಿಯೇ ಹಲವು ವಿಶ್ವವಿದ್ಯಾಲಯಗಳ ಅರ್ಥಶಾಸ್ತ್ರ ವಿಭಾಗಗಳು ತಮ್ಮ ಕೋಡ್ ಬದಲಿಸಿಕೊಂಡವು. ಕೆಲವೆಡೆ ವಿದ್ಯಾರ್ಥಿಗಳೇ ಸಹಿ ಸಂಗ್ರಹಿಸಿ ಒತ್ತಾಯಿಸಿದರು. ಪಟ್ಟಿಯೂ ಬೆಳೆಯುತ್ತಿದೆ. 2022ರ ಜನವರಿಯಲ್ಲಿ 22 ವಿಷಯಗಳು, 2023ರ ಜುಲೈನಲ್ಲಿ ಇನ್ನೂ 8 ಸೇರಿದವು.

ಜಾಹೀರಾತಿನಲ್ಲಿ "ಸ್ಟೆಮ್ ಕೋರ್ಸ್" ಎಂದು ಹೇಳಿ, ಐ-20ಯಲ್ಲಿ ಬೇರೆ ಕೋಡ್ ಹಾಕಿದ್ದರೆ ವಿದ್ಯಾರ್ಥಿಗೆ ನ್ಯಾಯವಾದ ದೂರು ಇದೆ. ಆದರೆ ಅದನ್ನು ಎತ್ತಬೇಕಾದ್ದು ಮೊದಲ ಸೆಮಿಸ್ಟರಿನಲ್ಲಿ. ಪದವಿ ಕೈಗೆ ಬಂದ ಮೇಲೆ ಕೋಡ್ ತಿದ್ದಿಸುವುದು ತುಂಬ ಕಷ್ಟ. ಐ-20 ಬಂದ ದಿನವೇ ಆ ಆರು ಅಂಕಿ ನೋಡಿ, ಸರ್ಕಾರದ ಸ್ಟೆಮ್ ಪಟ್ಟಿಯ ಜೊತೆ ಹೋಲಿಸಿ. ಐದು ನಿಮಿಷದ ಕೆಲಸ.

ಕಾಲೇಜಿನ ಮಾನ್ಯತೆಯೂ ಇದೇ ಥರದ್ದು. ಸ್ಟೆಮ್ ವಿಸ್ತರಣೆ ಬೇಕೆಂದರೆ ಪದವಿ ಕೊಟ್ಟ ಸಂಸ್ಥೆಗೆ ಫೆಡರಲ್ ಶಿಕ್ಷಣ ಇಲಾಖೆ ಒಪ್ಪಿದ ಸಂಸ್ಥೆಯಿಂದ ಮಾನ್ಯತೆ ಇರಲೇಬೇಕು. 2022ರ ಆಗಸ್ಟ್‌ನಲ್ಲಿ ಎಸಿಐಸಿಎಸ್ ಎಂಬ ಮಾನ್ಯತಾ ಸಂಸ್ಥೆಯನ್ನು ಇಲಾಖೆ ಕೈಬಿಟ್ಟಿತು. ಅದೊಂದರ ಮಾನ್ಯತೆಯನ್ನೇ ನಂಬಿಕೊಂಡಿದ್ದ ಕಾಲೇಜುಗಳ ವಿದ್ಯಾರ್ಥಿಗಳಿಗೆ ಸ್ಟೆಮ್ ವಿಸ್ತರಣೆಯ ದಾರಿ ಮುಚ್ಚಿತು.

ಮೂರನೆಯದು ಕೆಲಸ ಸಿಕ್ಕ ಮೇಲಿನ ತಕರಾರು. ಓಪಿಟಿಯಲ್ಲಿ ಒಟ್ಟು 90 ದಿನ ಮಾತ್ರ ಕೆಲಸವಿಲ್ಲದೆ ಇರಬಹುದು. ಸ್ಟೆಮ್ ವಿಸ್ತರಣೆ ಸಿಕ್ಕರೆ ಎರಡೂ ಸೇರಿ 150 ದಿನ. ಕೆಲಸ ಸಿಕ್ಕಿದ್ದನ್ನು 10 ದಿನದೊಳಗೆ ತಿಳಿಸಬೇಕು. ವಿದ್ಯಾರ್ಥಿ ಡಿಎಸ್‌ಒಗೆ ಮೇಲ್ ಮಾಡುತ್ತಾನೆ, ಅವರು ಸೆವಿಸ್‌ಗೆ ಏರಿಸುವುದಿಲ್ಲ. ಕಂಪ್ಯೂಟರ್ ಮಾತ್ರ ದಿನ ಎಣಿಸುತ್ತಲೇ ಇರುತ್ತದೆ. ಪೋರ್ಟಲಿನಲ್ಲಿ ನೀವೇ ತುಂಬಿ, ಆ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ಸ್ಟೆಮ್ ವಿಸ್ತರಣೆಯಲ್ಲಿ ಐ-983 ಎಂಬ ತರಬೇತಿ ಯೋಜನೆ ಬೇರೆ ಇರುತ್ತದೆ. ಅದನ್ನು ನೋಡಿ ಕಾಲೇಜು ಶಿಫಾರಸು ಮಾಡಬೇಕು. ಆಗ 30ರ ಬದಲು 60 ದಿನದ ಗಡುವು, ಜೊತೆಗೆ ಹಳೆಯ ಓಪಿಟಿ ಮುಗಿಯುವ ಮೊದಲೇ ಅರ್ಜಿ ತಲುಪಿರಬೇಕು.

ಸಿಪಿಟಿ ಎಂಬ ಸುಲಭದ ದಾರಿ

ಓದುತ್ತಿರುವಾಗಲೇ ಕೆಲಸ ಮಾಡಲು ಸಿಪಿಟಿ ಎಂಬ ಇನ್ನೊಂದು ಅನುಮತಿ ಇದೆ. ಆ ಕೆಲಸ ಪಠ್ಯಕ್ರಮದ ಭಾಗವೇ ಆಗಿರಬೇಕು. ಇದಕ್ಕೆ ಯುಎಸ್‌ಸಿಐಎಸ್ ಬೇಡ, ಡಿಎಸ್‌ಒ ಒಬ್ಬರೇ ಕೊಡಬಹುದು. ಬೇಗ ಸಿಗುತ್ತದೆ, ಅದೇ ಅದರ ಅಪಾಯ. ಪೂರ್ಣಾವಧಿ ಸಿಪಿಟಿಯನ್ನು 12 ತಿಂಗಳು ಬಳಸಿದರೆ ಆ ಹಂತದ ಓಪಿಟಿ ಪೂರ್ತಿ ಹೋಗುತ್ತದೆ. ಒಂದು ದಿನ ಕಡಿಮೆ ಇದ್ದರೂ ಉಳಿಯುತ್ತದೆ. ವಾರಕ್ಕೆ 20 ಗಂಟೆ ಅಥವಾ ಕಡಿಮೆ ಇದ್ದರೆ ಅರೆಕಾಲಿಕ, ಅದು ಈ ಲೆಕ್ಕಕ್ಕೆ ಬರುವುದಿಲ್ಲ. ದಿನ ಎಣಿಸುವಾಗ ಕಾಲೇಜು ತಪ್ಪಿ ಪೂರ್ಣಾವಧಿ ಎಂದು ನಮೂದಿಸಿದರೆ? ಅರ್ಜಿ ಹಾಕುವ ಮೊದಲೇ ಐ-20ಯ ಎರಡನೇ ಪುಟ ನೋಡಿ ತಿದ್ದಿಸಿಕೊಳ್ಳಬೇಕು.

ಸಾಮಾನ್ಯವಾಗಿ ಒಂದು ಶೈಕ್ಷಣಿಕ ವರ್ಷ ಓದಿದ ಮೇಲೆ ಸಿಪಿಟಿ. ಪದವಿ ನಂತರದ ಕೋರ್ಸಿಗೆ ತಕ್ಷಣದ ತರಬೇತಿ ಅಗತ್ಯವಿದ್ದರೆ ವಿನಾಯಿತಿ ಇದೆ. ಈ ಕಿಂಡಿಯಲ್ಲೇ "ಮೊದಲ ದಿನದಿಂದ ಸಿಪಿಟಿ" ಎಂದು ಕೂಗುವ ಕಾಲೇಜುಗಳು ಹುಟ್ಟಿಕೊಂಡವು. ಅವುಗಳಲ್ಲಿ ನಿಯಮ ಪಾಲಿಸುವವೂ ಇವೆ. ಆದರೆ ಕ್ಲಾಸ್ ಬೇಡ, ಫೀಸ್ ಕಟ್ಟಿ ಸಾಕು ಅನ್ನುವವನ್ನು ನಂಬಿದವರ ಗತಿ ಏನಾಯಿತು ಎಂದು ನೋಡಿ.

ಕ್ಯಾಲಿಫೋರ್ನಿಯಾದ ಪ್ಲೆಸೆಂಟನ್‌ನಲ್ಲಿ ಟ್ರೈ-ವ್ಯಾಲಿ ಯೂನಿವರ್ಸಿಟಿ ಇತ್ತು. 2011ರ ಜನವರಿಯಲ್ಲಿ ಅಲ್ಲಿ ದಾಳಿ ನಡೆಯಿತು. ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳಲ್ಲಿ ಬಹುಪಾಲು ಭಾರತೀಯರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಸನ್ನಿವೇಲ್‌ನ ಒಂದೇ ಅಪಾರ್ಟ್‌ಮೆಂಟಿನಲ್ಲಿ ಇದ್ದಾರೆ ಎಂದು ದಾಖಲೆಯಲ್ಲಿ ತೋರಿಸಿದ್ದರು. ಕೆಲವು ವಿದ್ಯಾರ್ಥಿಗಳ ಕಾಲಿಗೆ ನಿಗಾ ಪಟ್ಟಿ ಕಟ್ಟಲಾಯಿತು. ಸಂಸ್ಥಾಪಕಿಗೆ 2014ರಲ್ಲಿ 16 ವರ್ಷಕ್ಕೂ ಹೆಚ್ಚಿನ ಜೈಲು ಶಿಕ್ಷೆಯಾಯಿತು. ವಿದ್ಯಾರ್ಥಿಗಳ ಫೀಸ್, ವರ್ಷಗಳು, ಓಪಿಟಿ ಎಲ್ಲ ಹೋಯಿತು.

ಇದಕ್ಕಿಂತ ನೋವಿನದ್ದು ಮಿಶಿಗನ್‌ನ ಯೂನಿವರ್ಸಿಟಿ ಆಫ್ ಫಾರ್ಮಿಂಗ್‌ಟನ್. ಅದನ್ನು ನಡೆಸುತ್ತಿದ್ದವರು ಮಾರುವೇಷದ ಸರ್ಕಾರಿ ಅಧಿಕಾರಿಗಳೇ. ಮೇಷ್ಟ್ರಿಲ್ಲ, ಪಾಠವಿಲ್ಲ, ಫೀಸ್ ಮಾತ್ರ ಇತ್ತು. 2019ರ ಜನವರಿಯಲ್ಲಿ ಬಂಧನಗಳು ಶುರುವಾದವು. ಸಿಕ್ಕಿಬಿದ್ದವರಲ್ಲಿ ಬಹುತೇಕ ಭಾರತೀಯರು. ಎಲ್ಲರೂ ಮುಗ್ಧರು ಅನ್ನಲಾರೆ. ಆದರೆ ಹಣ ತೆಗೆದುಕೊಂಡು ಪಾಠ ಮಾಡದಿದ್ದುದು ಒಪ್ಪಂದದ ಉಲ್ಲಂಘನೆ ಎಂದು ಒಬ್ಬ ವಿದ್ಯಾರ್ಥಿ ಸರ್ಕಾರದ ಮೇಲೇ ದಾವೆ ಹೂಡಿದರು. ಕೆಳಗಿನ ಕೋರ್ಟು ಅದನ್ನು ತಳ್ಳಿಹಾಕಿತ್ತು. 2024ರ ಜೂನ್‌ನಲ್ಲಿ ಫೆಡರಲ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ, ಈ ದಾವೆಯನ್ನು ಕೇಳಲು ಬರುತ್ತದೆ ಎಂದು ವಾಪಸ್ ಕಳಿಸಿತು. ನ್ಯೂಜೆರ್ಸಿಯಲ್ಲೂ ಇಂಥದ್ದೇ ಒಂದು ಬಲೆಯ ಯೂನಿವರ್ಸಿಟಿ ಇತ್ತು. ಅಲ್ಲಿ ಸೆವಿಸ್ ದಾಖಲೆ ಕಳೆದುಕೊಂಡ ವಿದ್ಯಾರ್ಥಿಗಳು ಕೋರ್ಟಿಗೆ ಹೋಗಬಹುದು ಎಂದು 2019ರಲ್ಲಿ ಥರ್ಡ್ ಸರ್ಕಿಟ್ ಮೇಲ್ಮನವಿ ನ್ಯಾಯಾಲಯ ಹೇಳಿತ್ತು.

ತಕರಾರು ಎದ್ದಾಗ

ಮೊದಲು ಕ್ಯಾಲೆಂಡರ್ ನೋಡಿ, ಸಿಟ್ಟು ಆಮೇಲೆ. 60 ದಿನ ಇನ್ನೂ ಉಳಿದಿದ್ದರೆ ಹೊಸ ಶಿಫಾರಸು ಹಾಕಿಸಿಕೊಂಡು ಹೊಸ ಅರ್ಜಿ ಹಾಕುವುದೇ ಎಲ್ಲಕ್ಕಿಂತ ಒಳ್ಳೆಯ ಪರಿಹಾರ. ಹಳೆಯ ಶುಲ್ಕ ವಾಪಸ್ ಬರುವುದಿಲ್ಲ. 2024ರ ಏಪ್ರಿಲ್‌ನಲ್ಲಿ ನಿಗದಿಯಾದ ದರದಂತೆ ಆನ್‌ಲೈನ್ ಅರ್ಜಿಗೆ 470 ಡಾಲರ್. ಮತ್ತೆ ಕಟ್ಟಬೇಕು, ನೋವಾಗುತ್ತದೆ. ಆದರೂ ಒಂದು ವರ್ಷದ ಸಂಬಳದ ಮುಂದೆ ಅದು ಸಣ್ಣದು.

ಸೆವಿಸ್‌ನಲ್ಲಿ ತಪ್ಪು ನಮೂದಾಗಿದ್ದರೆ ತಿದ್ದುಪಡಿಗೆ ಕೋರಿಕೆ ಸಲ್ಲಿಸಲು ಡಿಎಸ್‌ಒಗೆ ದಾರಿ ಇದೆ. ನೀವು ನೇರವಾಗಿ ಮಾಡಲು ಆಗುವುದಿಲ್ಲ, ಅವರಿಂದಲೇ ಮಾಡಿಸಬೇಕು. ಹಾಗಾಗಿ ಮೊದಲ ಪತ್ರವನ್ನು ಜಗಳದ ಧಾಟಿಯಲ್ಲಿ ಬರೆಯಬೇಡಿ. ಮೂರು ಪ್ರಶ್ನೆ ಸಾಕು: ನನ್ನ ಶಿಫಾರಸು ಸೆವಿಸ್‌ನಲ್ಲಿ ಏರಿದ ದಿನ ಯಾವುದು? ನೀವು ಇಲ್ಲ ಎಂದಿದ್ದು ಯಾವ ನಿಯಮದ ಪ್ರಕಾರ? ಇದನ್ನು ತಿದ್ದಲು ಕೋರಿಕೆ ಹಾಕುತ್ತೀರಾ, ಯಾವಾಗ? ಉತ್ತರ ಮೇಲ್‌ನಲ್ಲೇ ಬರಲಿ. ಫೋನಿನಲ್ಲಿ ಹೇಳಿದರೆ, "ನೀವು ಈಗ ಹೇಳಿದ್ದು ಹೀಗೆ" ಎಂದು ಅದೇ ದಿನ ಮೇಲ್ ಹಾಕಿ.

ಯುಎಸ್‌ಸಿಐಎಸ್ ತಿರಸ್ಕರಿಸಿದರೆ ಓಪಿಟಿಗೆ ಮೇಲ್ಮನವಿ ಇಲ್ಲ. ಮರುಪರಿಶೀಲನೆ ಕೇಳುವ ಮೋಷನ್ ಇದೆ, ಐ-290ಬಿ ನಮೂನೆಯಲ್ಲಿ, 30 ದಿನದೊಳಗೆ. ಸರ್ಕಾರ ದಿನ ಎಣಿಸುವಲ್ಲಿ ತಪ್ಪಿದ್ದರೆ ಅದು ಫಲ ಕೊಡಬಹುದು. ಅರ್ಜಿ ನಿಜವಾಗಿಯೂ ತಡವಾಗಿದ್ದರೆ ಗೆಲ್ಲುವುದು ಕಷ್ಟ. ಇಲ್ಲಿ ವಕೀಲರ ಹಣ ಉಳಿಸಲು ಹೋಗಬೇಡಿ. ಕಾಲೇಜಿನ ಡಿಎಸ್‌ಒ ನಿಮ್ಮ ವಕೀಲರಲ್ಲ.

ಕಾಲೇಜಿನೊಳಗೆ ಡಿಎಸ್‌ಒ ಮೇಲೆ ಪ್ರಧಾನ ಅಧಿಕಾರಿ ಇರುತ್ತಾರೆ, ಅವರ ಮೇಲೆ ಡೀನ್. ಹಲವು ಕಡೆ ಪಕ್ಷಪಾತವಿಲ್ಲದೆ ದೂರು ಕೇಳುವ ಓಂಬುಡ್ಸ್ ಕಚೇರಿ ಇದೆ, ಅದನ್ನು ವಿದ್ಯಾರ್ಥಿಗಳು ಬಳಸುವುದು ಕಡಿಮೆ. 1974ರ ಫೆರ್ಪಾ ಕಾನೂನಿನಡಿ ನಿಮ್ಮ ಶೈಕ್ಷಣಿಕ ದಾಖಲೆಗಳನ್ನು ನೋಡಲು ಕೇಳಬಹುದು, ಕಾಲೇಜು 45 ದಿನದೊಳಗೆ ತೋರಿಸಬೇಕು. ಇದು ವೀಸಾ ವಿದ್ಯಾರ್ಥಿಗಳಿಗೂ ಅನ್ವಯ. ಹೊರಗೆ ಹೋದರೆ ಮಾನ್ಯತಾ ಸಂಸ್ಥೆಗೆ ದೂರು ಕೊಡಬಹುದು. ರಾಜ್ಯ ಸರ್ಕಾರಕ್ಕೂ ಕೊಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಖಾಸಗಿ ಕಾಲೇಜುಗಳ ಮೇಲೆ ಬರುವ ದೂರಿಗೆಂದೇ ಬಿಪಿಪಿಇ ಎಂಬ ಬ್ಯೂರೋ ಇದೆ.

ಕೋರ್ಟಿಗೆ ಹೋಗುವುದು ಕೊನೆಯ ಮಾತು. ಸೆವಿಸ್ ನಿಯಮಗಳು ಕಾಲೇಜು ಮತ್ತು ಸರ್ಕಾರದ ನಡುವಿನವು. ಹಾಗಾಗಿ ವಿದ್ಯಾರ್ಥಿಯ ವಾದ ಬೇರೆ ಕಡೆಯಿಂದ ಬರಬೇಕು: ಕೈಪಿಡಿಯಲ್ಲಿ, ಜಾಹೀರಾತಿನಲ್ಲಿ, ಪ್ರವೇಶ ಪತ್ರದಲ್ಲಿ ಕಾಲೇಜು ಏನು ಮಾತು ಕೊಟ್ಟಿತ್ತು, ಅದನ್ನು ಮುರಿಯಿತೇ? ಸ್ಟೆಮ್ ಎಂದು ಹೇಳಿ ಮಾರಿದ ಕೋರ್ಸಿನ ವಿಷಯದಲ್ಲಿ ಈ ವಾದಕ್ಕೆ ಬಲ ಇದೆ. ಬರೀ ತಡವಾದದ್ದಕ್ಕೆ ಕಡಿಮೆ.

ನಮ್ಮ ಹುಡುಗಿಯ ಬಳಿ ಎರಡು ಕಾಗದಗಳಿವೆ. ಒಂದು, ಏಪ್ರಿಲ್ 20 ಎಂದು ತಾರೀಖಿರುವ ಐ-20. ಇನ್ನೊಂದು, ಅದನ್ನು ಮೇ 15ಕ್ಕೆ ಕಳಿಸಿದ ಮೇಲ್. ಕಾಲೇಜು 25 ದಿನ ಏನು ಮಾಡುತ್ತಿತ್ತು ಎಂದು ಕೇಳಲು ಅವಳಿಗೆ ಹಕ್ಕಿದೆ. ತಪ್ಪಾಗಿದೆ ಎಂದು ಬರೆದುಕೊಡಿ, ಅರ್ಜಿ ಶುಲ್ಕ ಮರಳಿಸಿ, ಮುಂದಿನ ಹಂತದ ಕೋರ್ಸಿಗೆ ಸೇರುವುದಾದರೆ ಫೀಸಿನಲ್ಲಿ ರಿಯಾಯಿತಿ ಕೊಡಿ ಎಂದು ಕೇಳಬಹುದು. ಅಷ್ಟಾದರೂ ಸಿಗಬೇಕು. ಆದರೆ ಆ ಐ-20ಯಲ್ಲಿ ಡಿಎಸ್‌ಒ ಸಹಿಯ ಪಕ್ಕದಲ್ಲಿ ಏಪ್ರಿಲ್ 20 ಎಂಬ ತಾರೀಖು ಮೇ 15ರಂದೇ ಕಾಣುತ್ತಿತ್ತು. ಆಗ ಇನ್ನೂ ಐದು ದಿನ ಬಾಕಿ ಇತ್ತು.